ಹಲ್ಲೆ ಕೇಸಿನಲ್ಲಿ ನನ್ನ ಹೆಸರು ಬಂದಿದೆ, ವಕೀಲರನ್ನು ಎಲ್ಲಿಂದ ತರಲಿ?

ನಾಲ್ಕನೇ ಮಹಡಿ (ಸೋಮವಾರ, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ಇಲ್ಲಿ ತುಂಬಾ ದಿನದಿಂದ ಓದುತ್ತಿದ್ದೇನೆ, ಬರೆಯುತ್ತಿರುವುದು ಮೊದಲ ಸಲ.

ನಿನ್ನೆ ರಾತ್ರಿ ಗಾಡಿ ನಿಲ್ಲಿಸುವ ಜಾಗದ ವಿಷಯಕ್ಕೆ ಕೆಳಗಿನ ಮನೆಯವರ ಜೊತೆ ಜಗಳ ಆಯಿತು. ಅವರು ನನ್ನ ಕೊರಳಪಟ್ಟಿ ಹಿಡಿದರು. ನಾನು ತಳ್ಳಿದೆ. ಅವರು ಗೇಟಿಗೆ ತಗುಲಿ ಬಿದ್ದರು, ತುಟಿ ಒಡೆದು ರಕ್ತ ಬಂತು. ನನಗೂ ಕುತ್ತಿಗೆಯ ಹತ್ತಿರ ಉಗುರು ಗೀರಿದ ಗಾಯ ಇದೆ, ಎಡಗೈ ಬೆರಳು ಊದಿದೆ. ನಾನು ಆಸ್ಪತ್ರೆಗೂ ಹೋಗಲಿಲ್ಲ, ದೂರೂ ಕೊಡಲಿಲ್ಲ. ಅವರು ರಾತ್ರಿಯೇ ಎರಡೂ ಮಾಡಿ ಮುಗಿಸಿದ್ದಾರೆ.

ದೂರಿನಲ್ಲಿ ಏನಿದೆ ಅಂದರೆ, ನಾನು ಮತ್ತು ನನ್ನ ಭಾವ ಸೇರಿ ಹೆಲ್ಮೆಟ್‌ನಿಂದ ಹೊಡೆದೆವಂತೆ, ಕೊಲ್ಲುತ್ತೇವೆ ಎಂದೆವಂತೆ. ಭಾವ ಆ ಹೊತ್ತಿಗೆ ರಾತ್ರಿ ಪಾಳಿಯಲ್ಲಿ ಕೆಲಸದ ಮೇಲಿದ್ದರು! ಎಫ್‌ಐಆರ್ ಆಗಿದೆ. ಬಿಎನ್‌ಎಸ್ (ಐಪಿಸಿ ಬದಲು ಬಂದ ಭಾರತೀಯ ನ್ಯಾಯ ಸಂಹಿತೆ) 115(2), 118(1), 352, 351(2), ಜೊತೆಗೆ 3(5). ಠಾಣೆಯಿಂದ ಫೋನ್ ಬಂದಿತ್ತು. "ನಾಳೆ ಬೆಳಗ್ಗೆ ಬನ್ನಿ, ಹೇಳಿಕೆ ಬರೆದುಕೊಂಡು ಕಳಿಸುತ್ತೇವೆ" ಎಂದರು.

ಪರಿಚಯದ ವಕೀಲರು ಒಬ್ಬರೂ ಇಲ್ಲ. ಪಾರ್ಸೆಲ್ ಹಂಚುವ ಕೆಲಸ ನನ್ನದು, ಕೈಯಲ್ಲಿ ದುಡ್ಡಿಲ್ಲ. ಸರ್ಕಾರಿ ವಕೀಲರು ಪುಕ್ಕಟೆ ಸಿಗುತ್ತಾರೆ ಅನ್ನುತ್ತಾರೆ, ನಿಜವಾ? ಸಿಕ್ಕರೂ ಸರಿಯಾಗಿ ನಡೆಸುತ್ತಾರಾ? ನಾಳೆ ಹೋಗಲಾ ಬೇಡವಾ? ತಪ್ಪು ಒಪ್ಪಿಕೊಂಡು ಫೈನ್ ಕಟ್ಟಿದರೆ ಅಲ್ಲಿಗೆ ಮುಗಿಯಿತು ಎಂದು ಜೊತೆ ಕೆಲಸದವನೊಬ್ಬ ಹೇಳಿದ. ತಲೆ ಓಡುತ್ತಿಲ್ಲ.

ಗಡಿಬಿಡಿ ಗುಂಡ

ಜೊತೆ ಕೆಲಸದವನು ಹೇಳಿದ್ದೇ ಸರಿ. ಫೈನ್ ಕಟ್ಟಿ ಕೈ ತೊಳೆದುಕೊಳ್ಳಿ. ಕೋರ್ಟು ಅಂತ ಹೊರಟರೆ ವರ್ಷಗಟ್ಟಲೆ ಅಲೆಯಬೇಕು.

ಸುಮ್ನೆ ಓದುಗ

ಗುಂಡಣ್ಣನ ಮಾತು ಕೇಳಬೇಡಿ. ಕಪ್ಪು ಕೋಟು ಸರ್ ಬರುವವರೆಗೆ ಕಾಯಿರಿ.

ಕಪ್ಪು ಕೋಟು

ಬಂದೆ. ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಹನ್ನೊಂದು ವರ್ಷದಿಂದ ಇಂಥವೇ ಕೇಸು ನಡೆಸುತ್ತಿದ್ದೇನೆ. ನಿಮ್ಮ ಎಫ್‌ಐಆರ್ ನಾನು ನೋಡಿಲ್ಲ. ಆದ್ದರಿಂದ ಇದನ್ನು ದಾರಿ ತೋರಿಸುವ ಮಾತು ಎಂದಷ್ಟೇ ತೆಗೆದುಕೊಳ್ಳಿ.

ಮೊದಲು ಒಂದು ತಪ್ಪು ತಿದ್ದುತ್ತೇನೆ. ನಾಳೆ ಕೋರ್ಟಿಗೆ ಹೋಗಿ "ಸರ್ಕಾರಿ ವಕೀಲರು ಎಲ್ಲಿ" ಎಂದು ಕೇಳಿದರೆ ನಿಮ್ಮನ್ನು ಎಪಿಪಿ, ಅಂದರೆ ಸಹಾಯಕ ಸರ್ಕಾರಿ ಅಭಿಯೋಜಕರ ಹತ್ತಿರ ಕಳಿಸುತ್ತಾರೆ. ಅವರು ನಿಮ್ಮ ವಿರುದ್ಧ ವಾದ ಮಾಡುವವರು! ನೀವು ಕೇಳಬೇಕಾದ್ದು ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ. ಜಿಲ್ಲಾ ಕೋರ್ಟಿನ ಆವರಣದಲ್ಲೇ ಇರುತ್ತದೆ. ತಾಲ್ಲೂಕಿನಲ್ಲಿದ್ದರೆ ತಾಲ್ಲೂಕು ಕಾನೂನು ಸೇವೆಗಳ ಸಮಿತಿ. ರಾತ್ರಿಯೇ ಯಾರನ್ನಾದರೂ ಕೇಳಬೇಕು ಎನಿಸಿದರೆ 15100ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ ಸಹಾಯವಾಣಿ.

ಎರಡನೆಯದು ಫೋನ್ ಕರೆ. ಫೋನ್ ಮಾಡಿ "ಬನ್ನಿ" ಎನ್ನುವುದು ನೋಟಿಸ್ ಅಲ್ಲ. ಬಿಎನ್‌ಎಸ್‌ಎಸ್ (ಹಳೆಯ ಸಿಆರ್‌ಪಿಸಿ ಬದಲು ಬಂದ ಸಂಹಿತೆ) 35(3)ರಲ್ಲಿ ಬರವಣಿಗೆಯ ನೋಟಿಸ್ ಕೊಡಬೇಕು. ವಾಟ್ಸಾಪ್‌ನಲ್ಲಿ ಕಳಿಸಿದ್ದೂ ಸಾಲದು ಎಂದು ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ. ಹಾಗೆಂದು ಮನೆ ಬಿಟ್ಟು ಓಡಬೇಡಿ, ಫೋನ್ ಆಫ್ ಮಾಡಬೇಡಿ. "ವಕೀಲರನ್ನು ನೋಡಿಕೊಂಡು ಬರುತ್ತೇನೆ, ನೋಟಿಸ್ ಕೊಡಿ ಸರ್" ಎಂದು ಮರ್ಯಾದೆಯಿಂದ ಹೇಳಿ. ನೋಟಿಸ್ ಬಂದ ಮೇಲೆ ಮಾತ್ರ ಹೇಳಿದ ದಿನ ಹೋಗಲೇಬೇಕು. ಹೋಗದಿದ್ದರೆ ಅದೇ ಬಂಧನಕ್ಕೆ ಕಾರಣ ಆಗುತ್ತದೆ.

ಮೂರನೆಯದು, ಗುಂಡ ಅವರೇ, ಠಾಣೆಯಲ್ಲಿ ಫೈನ್ ಎನ್ನುವ ಪದ್ಧತಿಯೇ ಇಲ್ಲ. ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡರೆ ಅದು ಶಿಕ್ಷೆ. ಕಟ್ಟುವುದು ಹಣ, ಉಳಿಯುವುದು "ಅಪರಾಧಿ" ಎಂಬ ದಾಖಲೆ.

ಲಾ ಮೂರನೇ ವರ್ಷ

ಚಿಕ್ಕ ಸೇರ್ಪಡೆ. 115(2) ಅಂದರೆ ಹಳೆಯ ಐಪಿಸಿ 323, ಬೇಕೆಂದೇ ಗಾಯ ಮಾಡುವುದು. ಒಂದು ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಜಾಮೀನು ಸಿಗುವಂಥದ್ದು. 118(1) ಅಂದರೆ ಹಳೆಯ 324, ಅಪಾಯಕಾರಿ ಆಯುಧ ಅಥವಾ ವಸ್ತುವಿನಿಂದ ಗಾಯ ಮಾಡುವುದು. ಅದೂ ಜಾಮೀನು ಸಿಗುವಂಥದ್ದೇ, ಹಾಗಾಗಿ ಚಿಂತೆ ಬೇಡ. 352 ಅಂದರೆ ಹಲ್ಲೆ, ಮೂರು ತಿಂಗಳು.

ಕಪ್ಪು ಕೋಟು

ತಮ್ಮಾ, ಪರೀಕ್ಷೆಗೆ ಮುಂಚೆ ಹೊಸ ಪುಸ್ತಕ ತೆಗೆದುಕೋ. 118(1)ಕ್ಕೆ ಮೂರು ವರ್ಷದವರೆಗೆ ಜೈಲು, ಇಲ್ಲವೇ 20,000ದವರೆಗೆ ದಂಡ, ಇಲ್ಲವೇ ಎರಡೂ. ಹೊಸ ಪಟ್ಟಿಯಲ್ಲಿ ಅದು ಜಾಮೀನುರಹಿತ. ಈ ಕೇಸಿನ ಮುಳ್ಳು ಇರುವುದೇ ಅಲ್ಲಿ.

352 ಕೂಡ ತಪ್ಪು. ಐಪಿಸಿಯಲ್ಲಿ 352 ಹಲ್ಲೆ ಆಗಿತ್ತು, ಬಿಎನ್‌ಎಸ್‌ನಲ್ಲಿ ಅದು 131. ಈಗಿನ 352 ಹಳೆಯ 504, ಅಂದರೆ ಕೆಣಕುವುದಕ್ಕೆಂದೇ ಅವಮಾನ ಮಾಡುವುದು. 351(2) ಹಳೆಯ 506, ಬೆದರಿಕೆ. 3(5) ಹಳೆಯ 34, ಎಲ್ಲರದೂ ಒಂದೇ ಉದ್ದೇಶ ಎನ್ನುವುದು. ಅದನ್ನು ಹಾಕಿದ್ದರಿಂದಲೇ ಭಾವ ಒಳಗೆ ಬಂದಿದ್ದಾರೆ.

2024ರ ಜುಲೈ 1ಕ್ಕಿಂತ ಮುಂಚೆ ನಡೆದ ಘಟನೆಗೆ ಈಗಲೂ ಐಪಿಸಿಯೇ. ಆದ್ದರಿಂದ ನಮ್ಮ ಕೋರ್ಟಿನಲ್ಲಿ ಎರಡು ಲೆಕ್ಕ ಒಟ್ಟಿಗೆ ಓಡುತ್ತಿವೆ. ನಮಗೇ ಗೊಂದಲ ಆಗುತ್ತದೆ, ನಿನ್ನದೇನೂ ದೊಡ್ಡ ತಪ್ಪಲ್ಲ.

ಲಾ ಮೂರನೇ ವರ್ಷ

ಒಪ್ಪಿದೆ ಸರ್. 🙏

ಹಳೇ ಗುಮಾಸ್ತ

ನಿವೃತ್ತ ಶಿರಸ್ತೇದಾರ ನಾನು. ಮೂವತ್ತು ವರ್ಷದಲ್ಲಿ ಹಲ್ಲೆ ದೂರು ಎಷ್ಟು ಓದಿದ್ದೇನೋ ಲೆಕ್ಕ ಇಲ್ಲ. ಎಲ್ಲವೂ ಒಂದೇ ಅಚ್ಚು. "ಅವಾಚ್ಯ ಶಬ್ದಗಳಿಂದ ಬೈದು, ಕೈಗಳಿಂದ ಹೊಡೆದು, ಕಾಲಿನಿಂದ ಒದ್ದು, ನಿನ್ನನ್ನು ಜೀವಸಹಿತ ಬಿಡುವುದಿಲ್ಲ ಎಂದು ಪ್ರಾಣ ಬೆದರಿಕೆ ಹಾಕಿ..." ಹೊಡೆದವರು ಯಾವ ಊರಿನವರಾದರೂ ಬೈಗುಳ ಮಾತ್ರ ಅದೇ. ಠಾಣೆಯ ರೈಟರ್ ಬರೆಯುವ ಕನ್ನಡ ಅದು.

ತಮಾಷೆಗೆ ಹೇಳುತ್ತಿಲ್ಲ. ಈ ಅಚ್ಚಿನ ಮಾತೇ ಆರೋಪಿಗೆ ಎಷ್ಟೋ ಸಲ ಅನುಕೂಲ ಆಗುತ್ತದೆ. ಪಾಟೀ ಸವಾಲಿನಲ್ಲಿ "ಯಾವ ಶಬ್ದದಿಂದ ಬೈದರು" ಎಂದು ಕೇಳಿದರೆ ದೂರುದಾರನಿಗೇ ಗೊತ್ತಿರುವುದಿಲ್ಲ.

ಫೈನ್ ವಿಷಯದಲ್ಲಿ ನನ್ನ ಕಣ್ಣೆದುರು ನಡೆದದ್ದು ಹೇಳುತ್ತೇನೆ. ಒಬ್ಬ ಹುಡುಗ ವಕೀಲರಿಲ್ಲದೆ ಬಂದ. ಆಚೆ ಯಾರೋ ಹೇಳಿಕೊಟ್ಟಿದ್ದರು. "ತಪ್ಪಾಯಿತು ಸ್ವಾಮಿ" ಎಂದ. ಸಾಹೇಬರು ಎರಡು ಸಲ ಕೇಳಿದರು, "ಒಪ್ಪಿಕೊಂಡರೆ ಏನಾಗುತ್ತದೆ ಗೊತ್ತೇನಪ್ಪಾ?" ಗೊತ್ತು ಎಂದ. ದಂಡ ಕಟ್ಟಿ ನಗುತ್ತಾ ಹೋದ. ಎರಡು ವರ್ಷದ ಮೇಲೆ ತೀರ್ಪಿನ ನಕಲಿಗೆ ಬಂದಾಗ ನಗು ಇರಲಿಲ್ಲ. ಯಾವುದೋ ಸರ್ಕಾರಿ ಕೆಲಸಕ್ಕೆ ಆಯ್ಕೆ ಆಗಿದ್ದನಂತೆ, ಪೊಲೀಸ್ ಪರಿಶೀಲನೆಯಲ್ಲಿ ಇದು ಬಂದಿತ್ತು. ಮುಂದೆ ಏನಾಯಿತೋ ತಿಳಿಯದು.

ಗಡಿಬಿಡಿ ಗುಂಡ

ಸರಿ ಸರಿ, ನನ್ನ ಮಾತು ವಾಪಸ್. ಆದರೆ ಎಲ್ಲರಿಗೂ ಕೋರ್ಟು ಅಲೆಯುವ ಶಕ್ತಿ ಇರುವುದಿಲ್ಲ ಅಲ್ವಾ? ಒಂದು ವಾಯಿದೆಗೆ ಒಂದು ದಿನದ ಕೂಲಿ ಹೋಗುತ್ತದೆ. ಅದನ್ನು ಯಾರೂ ಹೇಳುವುದಿಲ್ಲ.

ಹಳೇ ಗುಮಾಸ್ತ

ಆ ಮಾತು ನಿಜ. ಅದಕ್ಕೇ ಹಾಜರಾತಿ ವಿನಾಯಿತಿ ಅರ್ಜಿ ಎಂದಿದೆ. ಕಾರಣ ಸರಿ ಇದ್ದರೆ ವಕೀಲರು ಆ ದಿನಕ್ಕೆ ಹಾಕುತ್ತಾರೆ. ಹೇಳದೆ ಕೇಳದೆ ತಪ್ಪಿಸಿದರೆ ಮಾತ್ರ ವಾರಂಟ್. ಇ-ಕೋರ್ಟ್ಸ್ ಆಪ್‌ನಲ್ಲಿ ನಿಮ್ಮ ಕೇಸಿಗೆ ಕೊಡುವ 16 ಅಂಕಿ-ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಹಾಕಿದರೆ ಮುಂದಿನ ದಿನಾಂಕ ಮನೆಯಲ್ಲೇ ಗೊತ್ತಾಗುತ್ತದೆ.

ಮಧ್ಯಾಹ್ನದ ಬಸ್ಸು

ಪುಕ್ಕಟೆ ವಕೀಲರ ಬಗ್ಗೆ ಕೇಳಿದ್ದೀರಿ. ನನ್ನ ತಮ್ಮನ ಕಥೆ ಹೇಳುತ್ತೇನೆ, ಉದ್ದ ಆದರೆ ಕ್ಷಮಿಸಿ.

ತಮ್ಮನ ಮೇಲೆ ಹಲ್ಲೆ ಕೇಸು ಬಿತ್ತು. ಎದುರಿನವರಿಗೆ ಒಂದು ಹಲ್ಲು ಹೋಗಿತ್ತು. ಹಲ್ಲು ಮುರಿದರೆ ಅದು ಸಾದಾ ಗಾಯ ಅಲ್ಲ, ಕಾನೂನಿನ ಲೆಕ್ಕದಲ್ಲಿ ತೀವ್ರ ಗಾಯ ಎಂದು ನಮಗೆ ಆವಾಗಲೇ ಗೊತ್ತಾಗಿದ್ದು. ಠಾಣೆಯ ಎದುರೇ ಒಬ್ಬ "ನಮ್ಮ ಸಾಹೇಬರು ಇದ್ದಾರೆ, ಸಂಜೆಯೊಳಗೆ ಬಿಡಿಸುತ್ತಾರೆ" ಎಂದು ಕರೆದುಕೊಂಡು ಹೋದ. ಗಾಬರಿಯಲ್ಲಿದ್ದೆವು. ಅಮ್ಮ ಓಲೆ ಅಡವಿಟ್ಟರು. ವಕಾಲತ್ತಿಗೆ ಸಹಿ ಹಾಕಿಸಿಕೊಂಡರು. ಆಮೇಲೆ ಆ ವಕೀಲರು ಎರಡು ವಾಯಿದೆಗೆ ಬರಲೇ ಇಲ್ಲ. ಜಾಮೀನು ಅರ್ಜಿಯನ್ನೇ ಹಾಕಿರಲಿಲ್ಲ!

ತಮ್ಮ ಒಳಗಿದ್ದ. ಜೈಲಿಗೆ ವಾರಕ್ಕೊಮ್ಮೆ ಬರುತ್ತಿದ್ದ ಕಾನೂನು ನೆರವಿನ ವಕೀಲರಿಗೆ ಅವನೇ ಹೇಳಿಕೊಂಡ. ಬಂಧನದಲ್ಲಿರುವವರಿಗೆ ಆದಾಯ ಎಷ್ಟು ಎಂದು ಕೇಳುವುದೇ ಇಲ್ಲವಂತೆ. ಒಂದು ಅರ್ಜಿ ಬರೆಸಿಕೊಂಡರು. ಕೇಸು ತೆಗೆದುಕೊಂಡದ್ದು ಒಬ್ಬ ಚಿಕ್ಕ ವಯಸ್ಸಿನ ಮೇಡಂ. ಅವರನ್ನು ನೋಡಿ ಅಮ್ಮ "ಇವಳೇನು ಮಾಡುತ್ತಾಳೆ" ಎಂದರು. ಜಾಮೀನು ಕೊಡಿಸಿದರು. ಪಾಟೀ ಸವಾಲಿನ ದಿನ ಡಾಕ್ಟರಿಗೆ ಒಂದೇ ಪ್ರಶ್ನೆ. "ಸಿಮೆಂಟಿನ ಮೆಟ್ಟಿಲ ಮೇಲೆ ಮುಖ ಅಡಿಯಾಗಿ ಬಿದ್ದರೂ ಇಂಥ ಗಾಯ ಆಗಬಹುದಲ್ಲವೇ ಡಾಕ್ಟರ್?" "ಆಗಬಹುದು" ಎಂದರು. ಜಗಳ ನಡೆದದ್ದು ಮೆಟ್ಟಿಲ ಮೇಲೇ. ಸಂಶಯದ ಲಾಭ ಕೊಟ್ಟು ಬಿಡುಗಡೆ ಆಯಿತು.

ಮೇಡಂಗೆ ಏನಾದರೂ ಕೊಡಲು ಹೋದೆವು. ತೆಗೆದುಕೊಳ್ಳಲಿಲ್ಲ. "ನನಗೆ ಪ್ರಾಧಿಕಾರ ಕೊಡುತ್ತದೆ, ನಿಮ್ಮಿಂದ ತೆಗೆದುಕೊಂಡರೆ ನನ್ನ ಕೆಲಸ ಹೋಗುತ್ತದೆ" ಎಂದರು. ಅಮ್ಮನ ಓಲೆ ಮಾತ್ರ ವಾಪಸ್ ಬರಲಿಲ್ಲ.

ಸುಮ್ನೆ ಓದುಗ

ಓಲೆ ವಿಷಯ ಓದಿ ಹೊಟ್ಟೆ ಉರಿಯಿತು.

ಒಂದು ಮಾತು

ನಿಮ್ಮ ತಮ್ಮನ ಅದೃಷ್ಟ ಚೆನ್ನಾಗಿತ್ತು ಅಕ್ಕಾ. ನಮ್ಮ ಚಿಕ್ಕಪ್ಪನಿಗೆ ಸಿಕ್ಕ ಪುಕ್ಕಟೆ ವಕೀಲರು ಫೈಲೇ ಓದಿಕೊಂಡು ಬರುತ್ತಿರಲಿಲ್ಲ. ಸಾಕ್ಷಿಯ ಹೆಸರು ನಾವೇ ಪಿಸುಗುಟ್ಟಬೇಕು. ಕೊನೆಗೆ ಸಾಲ ಮಾಡಿ ಬೇರೆಯವರನ್ನು ಹಿಡಿದೆವು. ಎಲ್ಲರೂ ಹೊಗಳುತ್ತಿದ್ದೀರಿ, ಇದೂ ಇರಲಿ.

ಕಪ್ಪು ಕೋಟು

ಇರಲೇಬೇಕು. ಎರಡೂ ನಿಜ.

ಮೊದಲಿನಿಂದ ಇದ್ದ ಪದ್ಧತಿ ಪ್ಯಾನೆಲ್ ವಕೀಲರದ್ದು. ತಮ್ಮ ಖಾಸಗಿ ಕೇಸುಗಳ ಜೊತೆಗೆ ಇದನ್ನೂ ನೋಡುತ್ತಾರೆ, ಗೌರವಧನ ಕಡಿಮೆ. ಚೆನ್ನಾಗಿ ಮಾಡುವವರೂ ಇದ್ದಾರೆ, ಬಿಟ್ಟುಬಿಡುವವರೂ ಇದ್ದಾರೆ. 2022ರಿಂದ ಇನ್ನೊಂದು ವ್ಯವಸ್ಥೆ ಜಿಲ್ಲಾ ಕೇಂದ್ರಗಳಿಗೆ ಬಂದಿದೆ. ಕಾನೂನು ನೆರವು ಅಭಿರಕ್ಷಕರು ಎನ್ನುತ್ತಾರೆ. ಅವರು ಪೂರ್ಣಾವಧಿ, ಖಾಸಗಿ ಕೇಸು ಹಿಡಿಯುವಂತಿಲ್ಲ. ಕ್ರಿಮಿನಲ್ ಕೇಸಿನಲ್ಲಿ ಆರೋಪಿಯ ಪರ ನಿಲ್ಲುವುದೇ ಅವರ ಕೆಲಸ. ಬಸ್ಸು ಮೇಡಂ ಹೇಳಿದ ವಕೀಲರು ಅವರಲ್ಲೇ ಒಬ್ಬರಿರಬೇಕು.

ಕೊಟ್ಟ ವಕೀಲರು ಸರಿ ಬರದಿದ್ದರೆ ಸುಮ್ನೆ ಕೂರಬೇಡಿ. ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಗೆ ಒಂದು ಅರ್ಜಿ ಕೊಡಿ, ಅವರೂ ನ್ಯಾಯಾಧೀಶರೇ. ಬೇರೆಯವರನ್ನು ಕೇಳಬಹುದು. ಹಣ ಕೇಳಿದರೂ ಅಲ್ಲೇ ಹೇಳಬೇಕು.

ಯಾರಿಗೆ ಸಿಗುತ್ತದೆ? 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ನೋಡಿ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು, ಇವರಿಗೆ ಆದಾಯದ ಮಿತಿ ಇಲ್ಲ. ಉಳಿದವರಿಗೆ ರಾಜ್ಯ ಸರ್ಕಾರ ಹೇಳಿದ ಮಿತಿಯೊಳಗೆ ಆದಾಯ ಇರಬೇಕು. ನಾಲ್ಕನೇ ಮಹಡಿಯವರೇ, ನೀವು ಈ ಕೊನೆಯ ಸಾಲಿನಲ್ಲಿ ಬರಬಹುದು. ಆದಾಯ ಪ್ರಮಾಣಪತ್ರಕ್ಕೆ ಕಾಯುತ್ತಾ ದಿನ ಕಳೆಯಬೇಡಿ, ಅಫಿಡವಿಟ್ ಸಾಕು ಎನ್ನುವ ಅವಕಾಶ ಅದೇ ಕಾಯ್ದೆಯಲ್ಲಿದೆ.

ಏಟು ತಿಂದವನು

ಎಲ್ಲರೂ ಹೊಡೆದವರ ಪರವೇ ನಿಂತಿದ್ದೀರಿ, ಚೆನ್ನಾಗಿದೆ. ನನ್ನ ಕೇಸಿನಲ್ಲಿ ನನ್ನ ಕೈ ಮೂಳೆ ಮುರಿದವನು ಇಂಥದ್ದೇ ಸಲಹೆ ಪಡೆದು ಆರಾಮಾಗಿ ತಿರುಗುತ್ತಿದ್ದಾನೆ. ನಾನು ಆರು ವರ್ಷದಿಂದ ಸಾಕ್ಷಿ ಹೇಳಲು ಕಾಯುತ್ತಿದ್ದೇನೆ.

ಮಧ್ಯಾಹ್ನದ ಬಸ್ಸು

ಅಣ್ಣಾ, ನಿಮ್ಮ ನೋವು ಅರ್ಥ ಆಗುತ್ತದೆ. ಆದರೆ ಇಲ್ಲಿ ಭಾವ ಜಾಗದಲ್ಲೇ ಇರಲಿಲ್ಲ ಎನ್ನುತ್ತಿದ್ದಾರಲ್ಲ. ಅವರಿಗೆ ವಕೀಲರು ಬೇಡವಾ?

ಏಟು ತಿಂದವನು

ಇರಲಿಲ್ಲ ಅಂತ ಅವರು ಹೇಳುತ್ತಿದ್ದಾರೆ. ನನ್ನನ್ನು ಹೊಡೆದವನೂ ಹಾಗೇ ಹೇಳಿದ.

ಕಪ್ಪು ಕೋಟು

ಸರಿ, ಅದನ್ನು ತೀರ್ಮಾನ ಮಾಡುವುದಕ್ಕೇ ಕೋರ್ಟು ಇರುವುದು. ಆರೋಪಿಗೆ ವಕೀಲರಿಲ್ಲದೆ ನಡೆದ ವಿಚಾರಣೆ ಮೇಲಿನ ಕೋರ್ಟಿನಲ್ಲಿ ನಿಲ್ಲುವುದಿಲ್ಲ. 1986ರ ಸುಕ್ ದಾಸ್ ಕೇಸಿನಲ್ಲಿ ಶಿಕ್ಷೆ ಬಿದ್ದು ಹೋಗಿದ್ದು ಅದೇ ಕಾರಣಕ್ಕೆ. ಅವರು ಕೇಳಿಕೊಳ್ಳದಿದ್ದರೂ ಕೋರ್ಟೇ ತಿಳಿಸಬೇಕಿತ್ತು ಎಂದಿತು ಸುಪ್ರೀಂ ಕೋರ್ಟ್. ಹಾಗಾದರೆ ಗಾಯಾಳುವಿಗೂ ನಷ್ಟ, ಮತ್ತೆ ಮೊದಲಿನಿಂದ ಓಡಾಟ.

ನಿಮ್ಮ ವಿಷಯ: ಎಪಿಪಿಗೆ ನೆರವಾಗಲು ನಿಮ್ಮದೇ ವಕೀಲರನ್ನು ಇಡಲು ಕೋರ್ಟು ಅನುಮತಿ ಕೊಡಬಹುದು. ಪ್ರಾಧಿಕಾರದಲ್ಲಿ ನೀವೂ ಕೇಳಿ. ಬೇರೆ ಪೋಸ್ಟ್ ಹಾಕಿ, ಬಂದು ಬರೆಯುತ್ತೇನೆ.

ಏಟು ತಿಂದವನು

ಹಾಕುತ್ತೇನೆ.

ನಾಲ್ಕನೇ ಮಹಡಿ

ಇಷ್ಟೊಂದು ಜನ ಬರೆದಿದ್ದೀರಿ, ಕಣ್ಣು ತುಂಬಿ ಬಂತು. ಏಟು ತಿಂದವರೇ, ನಾನು ತಳ್ಳಿದ್ದು ನಿಜ. ಅದನ್ನು ಇಲ್ಲ ಎನ್ನುತ್ತಿಲ್ಲ. ಹೆಲ್ಮೆಟ್ ಮಾತ್ರ ನನ್ನ ಕೈಯಲ್ಲಿ ಇರಲೇ ಇಲ್ಲ, ಗಾಡಿಯ ಕನ್ನಡಿಗೆ ನೇತು ಹಾಕಿತ್ತು.

ಒಂದು ಪ್ರಶ್ನೆ. ಠಾಣೆಯಲ್ಲಿ ಹೇಳಿಕೆ ಬರೆದುಕೊಂಡರೆ ಸಹಿ ಹಾಕಬೇಕಾ? ತಳ್ಳಿದ್ದನ್ನು ಹೇಳಬೇಕಾ?

ಲಾ ಮೂರನೇ ವರ್ಷ

ಸಂವಿಧಾನದ 20(3): ಯಾವ ಆರೋಪಿಯನ್ನೂ ತನ್ನ ವಿರುದ್ಧವೇ ಸಾಕ್ಷಿ ಹೇಳಲು ಒತ್ತಾಯಿಸುವಂತಿಲ್ಲ. 22(1): ಬಂಧನ ಆದರೆ ತಮಗೆ ಬೇಕಾದ ವಕೀಲರನ್ನು ಕಾಣುವ ಹಕ್ಕು. ಈ ಸಲ ಪುಸ್ತಕ ನೋಡಿಯೇ ಬರೆಯುತ್ತಿದ್ದೇನೆ. 🙂

ಕಪ್ಪು ಕೋಟು

ಈ ಸಲ ಪೂರ್ತಿ ಅಂಕ.

ಸಹಿಯ ವಿಷಯ. ತನಿಖೆಯ ವೇಳೆ ಪೊಲೀಸರಿಗೆ ಕೊಡುವ ಹೇಳಿಕೆಗೆ ಸಹಿ ಹಾಕಿಸುವಂತಿಲ್ಲ ಎಂದು ಬಿಎನ್‌ಎಸ್‌ಎಸ್ 181 ಹೇಳುತ್ತದೆ. ಆದರೂ ಆರೋಪಿಯಿಂದ "ಸ್ವ-ಇಚ್ಛಾ ಹೇಳಿಕೆ" ಎಂದು ಬರೆಸುವುದು ರೂಢಿ. ಹೆಸರು ಸ್ವ-ಇಚ್ಛಾ, ಇಚ್ಛೆ ಯಾರದ್ದು ಎಂದು ನಿಮಗೇ ಗೊತ್ತು. ಪೊಲೀಸರ ಮುಂದೆ ತಪ್ಪು ಒಪ್ಪಿಕೊಂಡದ್ದನ್ನು ನಿಮ್ಮ ವಿರುದ್ಧ ಸಾಕ್ಷಿ ಮಾಡುವಂತಿಲ್ಲ. ಹೊಸ ಸಾಕ್ಷ್ಯ ಕಾಯ್ದೆಯ 23ನೇ ಸೆಕ್ಷನ್. ಆದರೆ ಅದರಲ್ಲೊಂದು ಕಿಂಡಿ ಇದೆ. ಬಂಧನದಲ್ಲಿದ್ದಾಗ "ಹೊಡೆದ ಹೆಲ್ಮೆಟ್ ಮನೆಯಲ್ಲಿದೆ, ತೋರಿಸುತ್ತೇನೆ" ಎಂದು ನೀವು ಹೇಳಿದ ಹಾಗೆ ಬರೆದು, ಪಂಚರ ಮುಂದೆ ಹೆಲ್ಮೆಟ್ ವಶಪಡಿಸಿಕೊಂಡರೆ ಅಷ್ಟು ಭಾಗ ನಿಮಗೆ ಸುತ್ತಿಕೊಳ್ಳಬಹುದು. ನಿಮ್ಮ ಕೇಸು 115(2)ರಲ್ಲಿ ನಿಲ್ಲುತ್ತದೋ 118(1)ಕ್ಕೆ ಏರುತ್ತದೋ ಎನ್ನುವುದು ಆ ಹೆಲ್ಮೆಟ್ ಮೇಲಿದೆ. ಆದ್ದರಿಂದ ಹೆಲ್ಮೆಟ್ ಬಗ್ಗೆ ವಕೀಲರು ಇಲ್ಲದೆ ಒಂದು ಮಾತೂ ಬೇಡ. ಹಾಗೆಂದು ಅದನ್ನು ಬಚ್ಚಿಡುವುದು, ಬಿಸಾಡುವುದು ಮಾಡಬೇಡಿ. ಅದು ಬೇರೆ ಅಪರಾಧ. ಖಾಲಿ ಹಾಳೆಗೆ ಸಹಿಯಂತೂ ಯಾವ ಕಾರಣಕ್ಕೂ ಬೇಡ.

ತಳ್ಳಿದ್ದನ್ನು ಹೇಳಬೇಕಾ ಎಂದರೆ, ವಕೀಲರಿಗೆ ಪೂರ್ತಿ ಹೇಳಿ. ನಾಚಿಕೆ ಆಗುವುದನ್ನೂ ಹೇಳಿ. ನಮಗೆ ಹೇಳಿದ್ದು ನಮ್ಮಲ್ಲೇ ಉಳಿಯುತ್ತದೆ. ಕೊರಳಪಟ್ಟಿ ಹಿಡಿದವರನ್ನು ಬಿಡಿಸಿಕೊಳ್ಳಲು ತಳ್ಳಿದ್ದು ಆತ್ಮರಕ್ಷಣೆ ಆಗಬಹುದು. ಬಿಎನ್‌ಎಸ್ 34ರಿಂದ 44ರವರೆಗೆ ಅದೇ ವಿಷಯ. ಬೇಕಾದ್ದಕ್ಕಿಂತ ಜಾಸ್ತಿ ಬಲ ಹಾಕಿದ್ದೀರೋ ಇಲ್ಲವೋ ಎನ್ನುವುದೇ ಪ್ರಶ್ನೆ. ಅದನ್ನು ಹೇಗೆ, ಯಾವಾಗ ಹೇಳಬೇಕು ಎನ್ನುವುದು ವಕೀಲರ ಲೆಕ್ಕ. ಇಲ್ಲೂ ಇನ್ನು ಜಾಸ್ತಿ ಬರೆಯಬೇಡಿ. ಎದುರಿನವರೂ ಕನ್ನಡ ಓದುತ್ತಾರೆ.

ಸುಮ್ನೆ ಓದುಗ

ಕೊನೆಯ ಸಾಲು 😂

ದೊಡ್ಡಕ್ಕ

ನಾನು ಆಸ್ಪತ್ರೆಯಲ್ಲಿ ನರ್ಸ್. ತಮ್ಮಾ, ನಿನಗೂ ಗಾಯ ಆಗಿದೆ ಎಂದೆಯಲ್ಲ, ಇವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗು. ಜಗಳದಲ್ಲಿ ಆದ ಗಾಯ ಎಂದು ಹೇಳು, ಎಂಎಲ್‌ಸಿ (ಪೊಲೀಸ್ ಕೇಸಿಗೆ ಬೇಕಾಗುವ ಗಾಯದ ದಾಖಲೆ) ಮಾಡುತ್ತಾರೆ. ಎಲ್ಲಿ, ಎಷ್ಟು ಉದ್ದ, ಹೊಸದೋ ಹಳೆಯದೋ ಎಲ್ಲ ಬರೆಯುತ್ತಾರೆ. ಉಗುರಿನ ಗೀರು ನಾಲ್ಕು ದಿನಕ್ಕೆ ಮಾಯುತ್ತದೆ, ಆಮೇಲೆ ಯಾವ ಡಾಕ್ಟರೂ ಬರೆಯಲು ಆಗುವುದಿಲ್ಲ. ಬೆರಳು ಊದಿದೆ ಎಂದೆ. ಎಕ್ಸ್‌ರೇ ತೆಗೆಸು. ಮೂಳೆ ಬಿರುಕು ಬಿಟ್ಟಿದ್ದರೆ ಅದು ಸಾದಾ ಗಾಯ ಅಲ್ಲ, ನಿನ್ನ ದೂರಿನ ತೂಕವೇ ಬೇರೆ.

ಆದದ್ದನ್ನು ಆದ ಹಾಗೆ ಹೇಳು. ಒಂದಕ್ಕೆ ಹತ್ತು ಸೇರಿಸಬೇಡ. ನಾವು ದಿನಾ ನೋಡುವವರು, ಗೊತ್ತಾಗುತ್ತದೆ.

ಹಳೇ ಗುಮಾಸ್ತ

ಡಾಕ್ಟರ ಅಕ್ಷರ ಓದಲು ಬರುವ ಹಾಗೆ ಬರೆಯಲು ಹೇಳಿ ತಾಯಿ. ಒಂದು ಗಾಯ ಪ್ರಮಾಣಪತ್ರದಲ್ಲಿ "ಎಡ" ಎಂದಿದೆಯೋ "ಬಲ" ಎಂದಿದೆಯೋ ಎಂದು ಇಡೀ ಕೋರ್ಟು ಹತ್ತು ನಿಮಿಷ ನೋಡಿದೆ. ಬರೆದ ಡಾಕ್ಟರಿಗೂ ಗೊತ್ತಾಗಲಿಲ್ಲ.

ದೊಡ್ಡಕ್ಕ

ಅದು ನಮ್ಮ ಕೈಲಿಲ್ಲ ಸರ್! ಈಗ ಕಂಪ್ಯೂಟರ್‌ನಲ್ಲಿ ಬಂದು ಸ್ವಲ್ಪ ವಾಸಿ.

ಗಡಿಬಿಡಿ ಗುಂಡ

ಗಾಡಿ ನಿಲ್ಲಿಸುವ ಜಾಗಕ್ಕೆ ಮನೆ ಮಾಲೀಕರು ಗೆರೆ ಹಾಕಿ ಕೊಟ್ಟಿದ್ದರೆ ಇಷ್ಟೆಲ್ಲ ಬೇಕಿತ್ತಾ? ನಮ್ಮ ಕಟ್ಟಡದಲ್ಲೂ ಇದೇ ರಾಮಾಯಣ.

ಒಂದು ಮಾತು

ಗೆರೆ ಹಾಕಿದರೆ ಗೆರೆ ದಾಟಿದ ಅಂತ ಜಗಳ. ನಮ್ಮಲ್ಲಿ ಆಗಿದೆ.

ಕಪ್ಪು ಕೋಟು

ಮತ್ತೆ ವಿಷಯಕ್ಕೆ. ದೊಡ್ಡಕ್ಕ ಹೇಳಿದ್ದು ಇಡೀ ಚರ್ಚೆಯಲ್ಲಿ ಅತಿ ಮುಖ್ಯವಾದ ಮಾತು. ಎಂಎಲ್‌ಸಿ ಆದ ಮೇಲೆ ನೀವೂ ದೂರು ಕೊಡಿ. ಎರಡು ಕಡೆಯ ದೂರನ್ನೂ ಒಬ್ಬರೇ ತನಿಖೆ ಮಾಡಿ, ಒಂದೇ ಕೋರ್ಟಿನಲ್ಲಿ ಒಂದರ ಹಿಂದೆ ಒಂದು ನಡೆಯಬೇಕು ಎನ್ನುವುದು ನಿಂತ ಕಾನೂನು. ಬರಿ 115(2) ಆದರೆ ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ, ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಎಂದು ಬರೆದುಕೊಂಡು ಹಿಂಬರಹ, ಅಂದರೆ ಬರವಣಿಗೆಯ ಉತ್ತರ ಕೊಡುತ್ತಾರೆ. ಆ ಹಿಂಬರಹವನ್ನು ಜೋಪಾನವಾಗಿಡಿ. ಎದುರಿನವರನ್ನು ಹೆದರಿಸುವುದಕ್ಕೆ ಸುಳ್ಳು ದೂರು ಮಾತ್ರ ಬೇಡ. ಪಾಟೀ ಸವಾಲಿನಲ್ಲಿ ಅದು ನಿಮ್ಮ ಮೇಲೇ ತಿರುಗುತ್ತದೆ.

ಕಟ್ಟಡದಲ್ಲಿ ಸಿಸಿಟಿವಿ ಇದೆಯಾ? ಇದ್ದರೆ ನಾಳೆ ಬೆಳಗ್ಗೆಯೇ ಮಾಲೀಕರಿಗೆ ಬರವಣಿಗೆಯಲ್ಲಿ ಕೊಟ್ಟು ಉಳಿಸಿಡಲು ಕೇಳಿ. ಹಳೆಯದರ ಮೇಲೆ ಹೊಸದು ತಾನಾಗಿ ಬೀಳುತ್ತಾ ಹೋಗುತ್ತದೆ. ಪೆನ್‌ಡ್ರೈವ್‌ಗೆ ಹಾಕಿಕೊಂಡರೆ ಸಾಲದು, ಸಾಕ್ಷ್ಯ ಕಾಯ್ದೆ 63(4)ರ ಪ್ರಮಾಣಪತ್ರ ಬೇಕು. ನಾವೆಲ್ಲ ಇನ್ನೂ ಬಾಯಿ ತಪ್ಪಿ ಹಳೆಯ ಕಾಯ್ದೆಯ ಲೆಕ್ಕದಲ್ಲಿ "65ಬಿ ಸರ್ಟಿಫಿಕೇಟ್" ಎನ್ನುತ್ತೇವೆ. ಭಾವನ ಹಾಜರಿ ದಾಖಲೆಗೂ ಇದೇ ಮಾತು.

ಜಾಮೀನು: 118(1) ಇರುವುದರಿಂದ ಸೆಷನ್ಸ್ ಕೋರ್ಟಿನಲ್ಲಿ ನಿರೀಕ್ಷಣಾ ಜಾಮೀನು, ಅಂದರೆ ಬಂಧನಕ್ಕೆ ಮುಂಚೆಯೇ ಜಾಮೀನು ಕೇಳಬಹುದು, ಬಿಎನ್‌ಎಸ್‌ಎಸ್ 482. ಇಬ್ಬರದ್ದೂ ಹಾಕಿಸಿ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಕ್ಕೆ ಕಾರಣ ಬರೆಯದೆ ಹಿಡಿದು ಒಳಗೆ ಹಾಕುವಂತಿಲ್ಲ ಎಂದು 2014ರ ಅರ್ನೇಶ್ ಕುಮಾರ್ ತೀರ್ಪು ಇದೆ. ಹಾಗಾಗಿ ನೋಟಿಸಿನಲ್ಲೇ ಮುಗಿಯಲೂಬಹುದು. ಆದರೂ ಹಾಕಿಸಿ. ನಿದ್ದೆ ಬರುತ್ತದೆ.

ಲಾ ಮೂರನೇ ವರ್ಷ

ಸರ್, ಬಿಎನ್‌ಎಸ್‌ನಲ್ಲಿ ಸಮುದಾಯ ಸೇವೆ ಎನ್ನುವ ಹೊಸ ಶಿಕ್ಷೆ ಇದೆ. ಅದನ್ನು ಕೇಳಬಹುದಾ?

ಕಪ್ಪು ಕೋಟು

ಅದು ಕೆಲವೇ ಸಣ್ಣ ಅಪರಾಧಗಳಿಗೆ, ಕುಡಿದು ಗಲಾಟೆ, ಸಣ್ಣ ಕಳವು ಇಂಥವಕ್ಕೆ. ಗಾಯ ಮಾಡಿದ್ದಕ್ಕೆ ಇಲ್ಲ.

ಹಳೇ ಗುಮಾಸ್ತ

ರಾಜಿ ವಿಷಯ ಯಾರೂ ಎತ್ತಲಿಲ್ಲ. ಒಂದೇ ಕಟ್ಟಡದಲ್ಲಿ ಇರಬೇಕಾದವರು. 115(2)ನ್ನು ಗಾಯಗೊಂಡವರೇ ಒಪ್ಪಿ ರಾಜಿ ಮಾಡಿಕೊಳ್ಳಬಹುದು, ಲೋಕ ಅದಾಲತ್‌ನಲ್ಲೂ ಮುಗಿಯುತ್ತದೆ. ರಾಜಿಯಾದರೆ ಅದು ಖುಲಾಸೆಗೆ ಸಮ. ಫೈನ್ ಕಟ್ಟುವುದಕ್ಕೂ ಇದಕ್ಕೂ ಅಜಗಜಾಂತರ. ರಾಜಿಗೆ ಬಾರದ ಸೆಕ್ಷನ್ ಉಳಿದುಕೊಂಡರೆ ಇಬ್ಬರೂ ಒಪ್ಪಿ ಹೈಕೋರ್ಟಿಗೆ ಹೋಗಿ ರದ್ದು ಮಾಡಿಸಿಕೊಳ್ಳುವ ದಾರಿ ಇದೆ.

ಆದರೆ ನೀವೇ ಅವರ ಬಾಗಿಲು ಬಡಿಯಬೇಡಿ. ರಾಜಿಗೆ ಹೋದದ್ದನ್ನೇ "ಸಾಕ್ಷಿಗೆ ಬೆದರಿಕೆ" ಎಂದು ಬರೆಸಿದ್ದನ್ನು ನೋಡಿದ್ದೇನೆ. ವಕೀಲರ ಮೂಲಕ ಹೋಗಲಿ.

ನಾಲ್ಕನೇ ಮಹಡಿ (ಬುಧವಾರ, ರಾತ್ರಿ 10:15)

ಏನಾಯಿತು ಎಂದು ಹೇಳದೆ ಇದ್ದರೆ ತಪ್ಪಾಗುತ್ತದೆ.

ಸೋಮವಾರ ರಾತ್ರಿಯೇ ಆಸ್ಪತ್ರೆಗೆ ಹೋದೆ, ಎಂಎಲ್‌ಸಿ ಆಯಿತು. ಬೆರಳು ಮುರಿದಿಲ್ಲ. ಮಂಗಳವಾರ ಠಾಣೆಗೆ ಫೋನ್ ಮಾಡಿ ನೋಟಿಸ್ ಕೊಡಿ ಎಂದೆ. "ಯಾರು ಹೇಳಿಕೊಟ್ಟರು ನಿನಗೆ" ಎಂದರು. ಸುಮ್ಮನಿದ್ದೆ. ಮಧ್ಯಾಹ್ನ ನೋಟಿಸ್ ತಂದುಕೊಟ್ಟರು, ಶುಕ್ರವಾರ ಹಾಜರಾಗಬೇಕು.

ಪ್ರಾಧಿಕಾರದ ಕಚೇರಿ ಹುಡುಕುವುದೇ ಕಷ್ಟ ಆಯಿತು. ಕೋರ್ಟಿನ ಹಿಂಭಾಗದಲ್ಲಿತ್ತು. ಬಾಗಿಲಲ್ಲೇ ಒಬ್ಬರು "ನಮ್ಮ ಸಾಹೇಬರ ಹತ್ತಿರ ಬನ್ನಿ" ಎಂದು ಕೈ ಹಿಡಿದರು. ಬಸ್ಸು ಮೇಡಂ ಬರೆದ ಓಲೆ ನೆನಪಾಯಿತು, ಬಿಡಿಸಿಕೊಂಡು ಒಳಗೆ ಹೋದೆ. ಅರ್ಜಿ, ಆಧಾರ್ ನಕಲು, ಎಫ್‌ಐಆರ್ ನಕಲು, ಆದಾಯಕ್ಕೆ ಅಫಿಡವಿಟ್ ಕೇಳಿದರು. ನಾಲ್ಕು ಗಂಟೆ ಕೂತೆ. ಸಂಜೆ ಅಭಿರಕ್ಷಕರ ಕಚೇರಿಯಿಂದ ಒಬ್ಬ ವಕೀಲರನ್ನು ಕೊಟ್ಟರು. ವಯಸ್ಸಾದವರು, ಮಾತು ಕಮ್ಮಿ. ಎಫ್‌ಐಆರ್ ಎರಡು ಸಲ ಓದಿ ಕೇಳಿದ ಮೊದಲ ಪ್ರಶ್ನೆ: "ಹೆಲ್ಮೆಟ್ ಎಲ್ಲಿದೆ?"

ಇಬ್ಬರಿಗೂ ನಿರೀಕ್ಷಣಾ ಜಾಮೀನು ಅರ್ಜಿ ಇವತ್ತು ಹಾಕಿದ್ದಾರೆ. ಭಾವನ ಹಾಜರಿ ಪುಸ್ತಕದ ನಕಲು ಸಿಕ್ಕಿದೆ. ಸಿಸಿಟಿವಿ ಇದೆ, ಆದರೆ ಗೇಟು ಅರ್ಧ ಮಾತ್ರ ಕಾಣುತ್ತದೆ. ನನ್ನ ದೂರಿಗೆ ಎನ್‌ಸಿಆರ್ ಹಿಂಬರಹ ಕೊಟ್ಟರು. ಶುಕ್ರವಾರ ವಕೀಲರೂ ಠಾಣೆಗೆ ಬರ‍್ತೀನಿ ಎಂದಿದ್ದಾರೆ.

ಕಪ್ಪು ಕೋಟು

ಮೊದಲ ಪ್ರಶ್ನೆಯೇ ಹೆಲ್ಮೆಟ್ ಎಂದರೆ ಸರಿಯಾದವರ ಕೈಗೆ ಬಿದ್ದಿದ್ದೀರಿ. ಇನ್ನು ಮುಂದೆ ಅವರು ಹೇಳಿದ ಹಾಗೆ ಕೇಳಿ, ನಾವು ಹೇಳಿದ ಹಾಗೆ ಅಲ್ಲ.

ಮಧ್ಯಾಹ್ನದ ಬಸ್ಸು

ಶುಕ್ರವಾರ ಹೋಗಿ ಬಂದ ಮೇಲೆ ಒಂದು ಸಾಲು ಬರೆಯಿರಿ.

ಗಡಿಬಿಡಿ ಗುಂಡ

ಎಲ್ಲ ಸರಿ, ಗಾಡಿ ಎಲ್ಲಿ ನಿಲ್ಲಿಸುತ್ತಿದ್ದೀರಿ ಈಗ?

ನಾಲ್ಕನೇ ಮಹಡಿ

ಬೀದಿಯ ಆ ತುದಿಯಲ್ಲಿ. ಅವರದ್ದು ಅದೇ ಜಾಗದಲ್ಲಿದೆ.

ಸುಮ್ನೆ ಓದುಗ

ಹೆಲ್ಮೆಟ್ ಗಾಡಿ ಮೇಲೆ ಬಿಟ್ಟು ಬರಬೇಡಿ ಮತ್ತೆ.